ಡಜನ್ನಿಗೆ ನಲವತ್ತು

ಆ ಸಿನಿಮಾದ ಹೆಸರು ಇಲ್ಲಿ ಬರೆಯುವಂತಿಲ್ಲ.
ವಕೀಲರ ಕಾಗದ ಬಂದಿದೆ,
ಗಲ್ಲಾಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೇನೆ
ಹರಿದ ಹತ್ತರ ನೋಟುಗಳ ಜೊತೆ.

ನಮ್ಮಪ್ಪ, ಬಳೆ ಗಂಗುಲಪ್ಪ,
ಜಂಗಮಕೋಟೆಯಿಂದ ದಿಬ್ಬೂರಹಳ್ಳಿಯ ತನಕ
ಮಲಾರ ಹೊತ್ತು ತಿರುಗಿದವನು,
ಒಂದು ಸಿನಿಮಾವನ್ನೂ ಪೂರ್ತಿ ನೋಡಿದವನಲ್ಲ.
ಟೆಂಟಿನ ಹೊರಗೆ ಬೀಡಿ ಸೇದುತ್ತ ನಿಂತು
ಆಟ ಬಿಟ್ಟಾಗ ಹೆಂಗಸರ ಮುಖ ನೋಡುವನು.
ಅತ್ತು ಬಂದರೆ ಹಸಿರು ಗಾಜಿಗೆ ಆ ಚಿತ್ರದ ಹೆಸರು,
ನಕ್ಕು ಬಂದರೆ ಕೆಂಪಿಗೆ.
ಅಪ್ಪಣೆ ಯಾರದೆಂದು ಯಾರೂ ಕೇಳಲಿಲ್ಲ.
ಮೂರು ವಾರಕ್ಕೆ ಚಿತ್ರ ಎತ್ತಂಗಡಿಯಾದರೂ
ಬಳೆ ಮೂರು ವರ್ಷ ಓಡಿತು;
ಅದೇ ಬೇಕೆಂದು ಹಟ ಹಿಡಿದ ಮುದುಕಿಯರಿಗೆ
ಅದೊಂದು ಸಿನಿಮಾ ಎಂಬುದೇ ಗೊತ್ತಿರಲಿಲ್ಲ.

ಈಗಿನದು, ಆ ದೊಡ್ಡದು,
ಬರುವ ಮೊದಲೇ ಬಂತು ಶಿಡ್ಲಘಟ್ಟಕ್ಕೆ.
ಬಿಸ್ಕತ್ತಿನ ಪೊಟ್ಟಣದ ಮೇಲೆ ಅವನ ಗಡ್ಡ,
ಸಿಮೆಂಟು ಮೂಟೆಯ ಮೇಲೆ ಅವನ ತೋಳು,
ಸಿಮ್ಮು ಕೊಂಡರೆ ಅವನ ಕೊಡಲಿಯ ಕೀಚೈನು ಪುಕ್ಕಟೆ.
ಹಿಪ್ಪುನೇರಳೆಗೆ ಹಾಕುವ ಗೊಬ್ಬರದ ಚೀಲದಲ್ಲೂ
ಹುಬ್ಬು ಗಂಟಿಕ್ಕಿ ನಿಂತಿದ್ದ,
ಹುಳುಗಳು ಹೆದರಿ ಬೇಗ ಗೂಡು ಕಟ್ಟಲಿ ಎಂಬಂತೆ.

ನಾನು ನೋಡಿದ್ದು ಅವನನ್ನಲ್ಲ.
ಟ್ರೈಲರಿನಲ್ಲಿ ನಾಲ್ಕೇ ಸೆಕೆಂಡು:
ಹೊಗೆಯಿಂದ ಚಾಚಿದ ಅವಳ ಕೈ,
ಕಪ್ಪು ಗಾಜು, ಅರಿಶಿನದ ಚುಕ್ಕಿ.
ಮಗನ ಮೊಬೈಲು ನಿಲ್ಲಿಸಿ ನಿಲ್ಲಿಸಿ ಎಣಿಸಿದೆ, ಹದಿನೇಳು.
ಅಟ್ಟದಲ್ಲಿ ಮೂರು ವರ್ಷದ ಕಪ್ಪು ಬಳೆಯ ಗಂಟಿತ್ತು.
ಹೆಂಡತಿ ಉಗುರುಬಣ್ಣದ ಕುಂಚ ಹಿಡಿದು
ಎರಡು ರಾತ್ರಿ ಚುಕ್ಕಿ ಇಟ್ಟಳು.
ರಟ್ಟಿನ ಮೇಲೆ ನಾನೇ ಬರೆದೆ ಆ ಹೆಸರು;
ಒಂದು ದೀರ್ಘ ತಪ್ಪಿತ್ತು.
ವಕೀಲರ ಕಾಗದದಲ್ಲಿ
ಆ ತಪ್ಪೂ ಹಾಗೆಯೇ ಅಚ್ಚಾಗಿದೆ.

ಶನಿವಾರ, ಬಟವಾಡೆ.
ಫಿಲೇಚರಿನಿಂದ ನೇರ ಬರುತ್ತಾರೆ ಹುಡುಗಿಯರು,
ಬಿಸಿನೀರಲ್ಲಿ ಎಳೆ ಹುಡುಕಿ ಹುಡುಕಿ
ಬೆಳ್ಳಗೆ ನೆನೆದ ಬೆರಳು,
ಎಷ್ಟು ತೊಳೆದರೂ ಬಿಡದ ಗೂಡಿನ ವಾಸನೆ.
ಆ ಕೈಗಳಿಗೆ ಬಳೆ ಸಲೀಸು;
ನೆನೆದ ಚರ್ಮ ಗಾಜಿಗೆ ಎದುರಾಡುವುದಿಲ್ಲ.
ಮುಬೀನಾ ಒಂದು ಡಜನ್ ಸಾಲದೆಂದಳು,
ಅವಳಿಗೂ ಲೆಕ್ಕ ಗೊತ್ತಿತ್ತು, ಹದಿನೇಳೇ ಬೇಕು.
ಮೇಲಿನ ಐದಕ್ಕೆ ಹದಿನೈದು ಹಿಡಿದೆ.
"ನೋಡಿದೆಯಾ ಸಿನಿಮಾ?"
"ಟಿಕೆಟ್ಟು ಮುನ್ನೂರು ಅಣ್ಣ."

ಆಮೇಲೆ ಬಂದ ಕಂಪನಿಯ ಹುಡುಗ,
ಕುತ್ತಿಗೆಗೆ ಪಟ್ಟಿ, ಬಾಯ್ತುಂಬ ಸಾರ್.
ಒರಿಜಿನಲ್ಲು ಇದು ಎಂದು ಪೆಟ್ಟಿಗೆ ತೆಗೆದ:
ಹೊಳೆಯುವ ಸ್ಟಿಕ್ಕರು, ಆರು ಬಳೆ,
ಆರುನೂರ ತೊಂಬತ್ತೊಂಬತ್ತು.
ಪ್ಲಾಸ್ಟಿಕ್ಕು. ನೆಲಕ್ಕೆ ಹಾಕಿ ತೋರಿಸಿದ,
ಪುಟಿಯಿತು.
ಒಡೆಯದ್ದನ್ನು ಮಾರಿ
ಬಳೆಗಾರ ಹೇಗಪ್ಪಾ ಬದುಕುವುದು,
ಕೇಳೋಣವೆಂದರೆ ಅಷ್ಟರಲ್ಲಿ
ನನ್ನ ರಟ್ಟಿನ ಫೋಟೋ ಹೊಡೆದುಕೊಂಡು ಹೋಗಿದ್ದ.

ಹೆಸರು ಅವರ ಸೊತ್ತಂತೆ. ಇರಬಹುದು.
ಕೋಟಿ ಸುರಿದವರು, ಅವರಿಗೂ ಭಯವಿರುತ್ತದೆ.
ನಮ್ಮಪ್ಪನಾಗಿದ್ದರೆ ಕಾಗದದಲ್ಲಿ ಬಳೆ ಸುತ್ತಿ ಕೊಡುತ್ತಿದ್ದ.
ನಾನು ರಟ್ಟು ಹರಿದೆ, ಒಲೆಗೆ ಹಾಕಿದೆ,
ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ.

ಮುಂದಿನ ಶನಿವಾರ ಇಬ್ಬರು ಹೊಸಬರು:
"ಮುಬೀನಾ ಬಳೆ ಇದೆಯಾ?"
ಅರೆಗಳಿಗೆ ತಿಳಿಯಲಿಲ್ಲ. ತಿಳಿದು,
"ಇದೆ" ಎಂದೆ. ಎರಡು ಡಜನ್ ಹೋಯಿತು.

ಕತ್ತಲಾದ ಮೇಲೆ ಅವಳೇ ಬಂದಳು.
ರಾಟೆಗೆ ತಾಗಿದ್ದಂತೆ;
ಕೈಯಲ್ಲಿ ಒಂಬತ್ತು ಉಳಿದಿತ್ತು.
ಒಡೆಯಿತು ಎನ್ನಲು ಅಪ್ಪ ಬಿಡುತ್ತಿರಲಿಲ್ಲ,
ಬಳೆ ಹೆಚ್ಚಿತು ಎನ್ನಬೇಕು.
"ಹೆಚ್ಚಿತೇನಮ್ಮಾ" ಎಂದೆ.
ಕೈ ಚಾಚಿ ಕೂತವಳು ಮೆಲ್ಲಗೆ ಕೇಳಿದಳು:
"ಆ ಸಿನಿಮಾದಲ್ಲಿ, ಕೊನೆಗೆ,
ಅವಳ ಬಳೆ ಹಾಗೇ ಇರುತ್ತವಾ ಅಣ್ಣ?"

ನಾನೂ ನೋಡಿಲ್ಲ.
ಎಂಟು ಎಣಿಸಿ ಏರಿಸಿದೆ.